ಹೃದಯಾಘಾತದ ಚಿಕಿತ್ಸೆಗೆ ಮಣಿಕಟ್ಟಿನ ದಾರಿ

"ಸ್ಟೆಂಟ್ ಹಾಕಿದ್ದು ಹೃದಯಕ್ಕೆ, ಗಾಯ ಇರುವುದು ಕೈಯಲ್ಲಿ. ಸರಿಯಾಗಿ ಮಾಡಿದ್ದಾರಾ ಡಾಕ್ಟ್ರೇ?" ಮಣಿಪಾಲದಲ್ಲಿ ತುರ್ತು ಆಂಜಿಯೋಪ್ಲಾಸ್ಟಿ ಆದ ತಂದೆಯನ್ನು ಆದಿ ಉಡುಪಿಯ ನನ್ನ ಕ್ಲಿನಿಕ್‌ಗೆ ಕರೆತಂದ ಮಗನ ಪ್ರಶ್ನೆ. ಸರಿಯಾಗಿಯೇ ಮಾಡಿದ್ದರು.

ನಾವು ಹಕೀಮರು ನಬ್ಝ್ ನೋಡಲು ಬೆರಳಿಡುವ ರಕ್ತನಾಳವೇ ಆ ದಾರಿ. ಸುಮಾರು 2 ಮಿ.ಮೀ. ದಪ್ಪದ ನಳಿಕೆ ಅಲ್ಲಿಂದ ಹೃದಯದ ಬಾಗಿಲವರೆಗೆ ಹೋಗುತ್ತದೆ. ಹಿಂದೆ ಸಾಮಾನ್ಯವಾಗಿ ತೊಡೆಸಂದಿನಿಂದ ಹೋಗುತ್ತಿದ್ದರು. 1989ರಲ್ಲಿ ಕೆನಡಾದ ಲೂಸಿಯನ್ ಕಾಂಪೋ ಮಣಿಕಟ್ಟಿನ ಮೂಲಕ ಆಂಜಿಯೋಗ್ರಾಮ್ ಮಾಡಿದ ಅನುಭವವನ್ನು ಪ್ರಕಟಿಸಿದರು. 1992ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಅದೇ ದಾರಿಯಿಂದ ಸ್ಟೆಂಟ್ ಕೂಡಾ ಹಾಕಲಾಯಿತು.

ಹೃದಯಾಘಾತವಾದವರಿಗೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಹೆಪಾರಿನ್ ಮುಂತಾದ ಔಷಧಿಗಳನ್ನು ಒಟ್ಟಿಗೇ ಕೊಡುತ್ತಾರೆ. ಆಗ ಚುಚ್ಚಿದ ಜಾಗದಿಂದ ರಕ್ತ ಸುರಿಯುವುದೇ ದೊಡ್ಡ ಭಯ. ತೊಡೆಸಂದಿನ ನಾಳ ಆಳದಲ್ಲಿದೆ. ಸೋರಿದ ರಕ್ತ ಹೊರಗೆ ಕಾಣದೆ ಹೊಟ್ಟೆಯ ಹಿಂಭಾಗದಲ್ಲಿ ತುಂಬಿಕೊಳ್ಳಬಹುದು. ಮಣಿಕಟ್ಟಿನ ನಾಳ ಚರ್ಮದ ಅಡಿಯಲ್ಲೇ ಇದೆ, ಹಿಂದೆ ಎಲುಬಿದೆ, ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಅಂಗೈಗೆ ರಕ್ತ ಕೊಡಲು ಇನ್ನೊಂದು ನಾಳವೂ ಇದೆ. ಯುರೋಪಿನಲ್ಲಿ 8,404 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಣಿಕಟ್ಟಿನ ದಾರಿ ಹಿಡಿದವರಲ್ಲಿ ರಕ್ತಸ್ರಾವ ಕಡಿಮೆ, ಸಾವೂ ಕಡಿಮೆ ಕಂಡುಬಂತು.

ನಮ್ಮ ಹೆಂಗಸರಿಗೆ, ಹಿರಿಯರಿಗೆ ಇನ್ನೊಂದು ಸಮಾಧಾನವಿದೆ: ತೊಡೆಸಂದು ತೆರೆದು ತೋರಿಸಬೇಕಾಗಿಲ್ಲ. ಆದರೆ ನಾಳ ತೀರಾ ಸಣ್ಣದಿದ್ದರೆ, ಸೆಳೆತ ಬಂದರೆ, ಆ ಕೈಯಲ್ಲಿ ಡಯಾಲಿಸಿಸ್‌ಗೆ ಫಿಸ್ಟುಲಾ ಇದ್ದರೆ ವೈದ್ಯರು ತೊಡೆಯ ದಾರಿಯನ್ನೇ ಹಿಡಿಯಬಹುದು. ದಯವಿಟ್ಟು ಆಗ ಬಾಗಿಲಲ್ಲಿ ನಿಂತು ವಾದಿಸಬೇಡಿ. ನಿಮಿಷ ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಫಿಸ್ಟುಲಾ, ಹಳೆಯ ಬೈಪಾಸ್, ಅಲರ್ಜಿ ಇದ್ದರೆ ಹೋದ ಕೂಡಲೇ ಹೇಳಿ, ಸಾಕು. ಅದಕ್ಕೂ ಮೊದಲಿನ ಮಾತು: ಎದೆ ಹಿಂಡಿದಂತಾಗಿ ಬೆವರು ಬಂದರೆ ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿಯುತ್ತಾ ಕೂರಬೇಡಿ. ನನ್ನ ಕ್ಲಿನಿಕ್‌ಗೂ ಬರಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಇರುವಲ್ಲಿಗೆ ಹೋಗಿ.

ಮನೆಗೆ ಬಂದ ಮೇಲೆ ಕೆಲವು ದಿನ ಆ ಕೈಯಿಂದ ಕೊಡಪಾನ ಎತ್ತಬೇಡಿ, ಊರಿ ಏಳಬೇಡಿ. ಪಟ್ಟಿ ಇರುವಷ್ಟು ಕಾಲ ಅದನ್ನು ಒದ್ದೆ ಮಾಡಬಾರದು. ವುಝೂ ಹೇಗೆಂದು ನಿಮ್ಮ ಖತೀಬರಲ್ಲಿ ಕೇಳಿ, ಪಟ್ಟಿಯ ಮೇಲೆ ಸವರುವ ರಿಯಾಯಿತಿ ಇದೆ. ಒಮ್ಮೆಲೇ ರಕ್ತ ಬಂದರೆ ಬೆರಳಿನಿಂದ ಬಲವಾಗಿ ಒತ್ತಿ ಹಿಡಿದೇ ಆಸ್ಪತ್ರೆಗೆ ಹೋಗಿ. ಕೈ ತಣ್ಣಗಾಗಿ ಬಿಳಿಚಿಕೊಂಡರೂ ತಡಮಾಡಬೇಡಿ.

ಆ ಮಗ ಕೊನೆಗೆ ಕೇಳಿದ್ದು ಹಿಜಾಮದ ಬಗ್ಗೆ. ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿರುವಾಗ ಹೃದಯ ವೈದ್ಯರ ಒಪ್ಪಿಗೆಯಿಲ್ಲದೆ ಹಿಜಾಮ ಬೇಡ ಎಂದೆ. ಹಿಜಾಮಕ್ಕಾಗಿ ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಮತ್ತೆ ಹೃದಯಾಘಾತ.