ಮಗುವೂ ಬಹುವಚನವೂ

“ಅಂಗಳದಲ್ಲಿ ಇಬ್ಬರು ಮಕ್ಕಳಿದ್ದಾರೆ” ಎನ್ನಬೇಕಾದಲ್ಲಿ ನಾಲ್ಕು ವರ್ಷದ ಮಗುವೊಂದು “ಎರಡು ಮಗುಗಳಿವೆ” ಎಂದರೆ ನಾವು ನಗುತ್ತೇವೆ, ಗದರಿಸುವವರೂ ಉಂಟು. ಆದರೆ ಸ್ವಲ್ಪ ವಿಚಾರಮಾಡಿ. ‘ಮಗುಗಳು’ ಎಂಬ ಮಾತನ್ನು ಆ ಮಗುವಿಗೆ ಹೇಳಿಕೊಟ್ಟವರು ಯಾರು? ಮನೆಯಲ್ಲಿ ಯಾರೂ ಹಾಗೆ ಆಡುವುದಿಲ್ಲ. ಕಿವಿಗೆ ಬೀಳದ ಮಾತು ಬಾಯಿಗೆ ಬಂದುದಾದರೂ ಹೇಗೆ?

ಮಗು ಹಿರಿಯರ ಮಾತನ್ನು ಗಿಣಿಯಂತೆ ಒಪ್ಪಿಸುತ್ತದೆ ಎಂಬುದು ಬಹುಕಾಲದ ನಂಬಿಕೆ. ಇದನ್ನು ಪರೀಕ್ಷಿಸಲು ಅಮೆರಿಕದ ಜೀನ್ ಬರ್ಕೊ ಎಂಬ ವಿದುಷಿ ಒಂದು ಸರಳವಾದ ಉಪಾಯವನ್ನು ಹೂಡಿದರು. ಮಗು ಹಿಂದೆಂದೂ ಕೇಳಿರಲಾರದ ಹೆಸರುಗಳನ್ನು ಅವರು ಕಲ್ಪಿಸಿಕೊಂಡರು. ಹಕ್ಕಿಯಂತಹ ಒಂದು ಪ್ರಾಣಿಯ ಚಿತ್ರವನ್ನು ತೋರಿಸಿ, ಇದರ ಹೆಸರು ‘ವಗ್’ ಎಂದು ಹೇಳುವುದು. ಬಳಿಕ ಅಂತಹ ಎರಡನ್ನು ತೋರಿಸಿ, ಈಗ ಇಲ್ಲಿರುವುದು ಎರಡು— ಎಂದು ಮಾತನ್ನು ಅರ್ಧಕ್ಕೆ ನಿಲ್ಲಿಸುವುದು. ಮಿಕ್ಕುದನ್ನು ಮಗುವೇ ತುಂಬಬೇಕು. 1958ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಶಾಲೆ ಸೇರದ ಮಕ್ಕಳ ಪೈಕಿ ನೂರಕ್ಕೆ 76 ಮಂದಿಯೂ, ಒಂದನೆಯ ತರಗತಿಯವರಲ್ಲಿ 97 ಮಂದಿಯೂ ‘ವಗ್ಝ್’ ಎಂದು ಸರಿಯಾಗಿ ಉತ್ತರವಿತ್ತರು. ಇಲ್ಲದ ಪ್ರಾಣಿಯ ಬಹುವಚನವನ್ನು ನೆನಪಿನಿಂದ ತೆಗೆದು ಹೇಳುವಂತಿಲ್ಲವಷ್ಟೆ. ಅಂದರೆ ಅವರ ಮನಸ್ಸಿನಲ್ಲಿ ಒಂದು ನಿಯಮವಿದೆ.

ಆದರೆ ಈ ಪರೀಕ್ಷೆಯ ನಿಜವಾದ ಸ್ವಾರಸ್ಯವಿರುವುದು ಮಕ್ಕಳು ಸೋತೆಡೆಯಲ್ಲಿ. ಇಂಗ್ಲಿಷಿನ ಬಹುವಚನ ಬರೆಹದಲ್ಲಿ ಒಂದೇ ಅಕ್ಷರದಂತೆ ಕಂಡರೂ ಉಚ್ಚಾರಣೆಯಲ್ಲಿ ಮೂರು ವಿಧವಾಗಿದೆ. ‘ಕ್ಯಾಟ್’ ಎಂಬುದರ ಮುಂದೆ ಸಕಾರ. ‘ಡಾಗ್’ ಎಂಬುದರ ಮುಂದೆ ಝಕಾರಕ್ಕೆ ಸಮೀಪವಾದ ಧ್ವನಿ. ‘ಗ್ಲಾಸ್’ ಮೊದಲಾದ, ಸಕಾರದಂತಹ ಧ್ವನಿಯಿಂದಲೇ ಕೊನೆಗೊಳ್ಳುವ ಪದಗಳ ಮುಂದೆ ‘ಇಝ್’ ಎಂಬ ಇಡಿಯ ಉಚ್ಚಾರ. ಶಾಲೆ ಸೇರದ ಮಕ್ಕಳಲ್ಲಿ ನೂರಕ್ಕೆ 75 ಮಂದಿ ‘ಗ್ಲಾಸಿಝ್’ ಎಂದು ಸರಿಯಾಗಿ ಹೇಳಿದರು. ಹಾಗಾದರೆ ‘ಟ್ಯಾಸ್’ ಎಂಬ ಕಲ್ಪಿತ ಪದಕ್ಕೂ ಅಷ್ಟೇ ಮಂದಿ ಉತ್ತರ ಹೇಳಬೇಕಲ್ಲವೆ? ಹೇಳಿದವರು ಕೇವಲ 28 ಮಂದಿ! ಒಂದನೆಯ ತರಗತಿಯವರಲ್ಲಿ ಕೂಡ ‘ಗ್ಲಾಸಿಝ್’ ಎಂದವರು 99, ‘ಟ್ಯಾಸಿಝ್’ ಎಂದವರು 39. ‘ಟ್ಯಾಸ್’ ಎಂದೇ ಉಳಿಸಿದ ಮಕ್ಕಳ ಕಿವಿಗೆ ಕೊನೆಯ ಸಕಾರವೇ ಬಹುವಚನದಂತೆ ಕೇಳಿಸಿರಬಹುದು. ‘ಗ್ಲಾಸಿಝ್’ ಅವರಿಗೆ ನೆನಪಿನ ಗಂಟು. ನಿಯಮವಿನ್ನೂ ಅಲ್ಲಿಗೆ ಮುಟ್ಟಿಲ್ಲ. ಬಲ್ಲ ಪದಗಳನ್ನಷ್ಟೇ ಕೇಳುವ ಉಪಾಧ್ಯಾಯರಿಗೆ ಈ ಅಂತರ ಎಂದಿಗೂ ಕಾಣದು.

ಇನ್ನೊಂದು ವಿಚಿತ್ರವೂ ಇದೆ. ಇಂಗ್ಲಿಷ್ ಮಾತೃಭಾಷೆಯಾದ ಮಗು ಮೊದಲು ‘ಫೀಟ್’ ಎಂದು ಸರಿಯಾಗಿ ಹೇಳುತ್ತಿದ್ದು, ಕೆಲವು ಕಾಲದ ಮೇಲೆ ‘ಫುಟ್ಸ್’ ಎನ್ನತೊಡಗುವುದುಂಟು. ತಾಯಿಗೆ ಇದು ಹಿಂದೆಬಿದ್ದಂತೆ ತೋರಬಹುದು. ವಾಸ್ತವವಾಗಿ ಮಗು ಈಗ ನಿಯಮವನ್ನು ಕಂಡುಕೊಂಡಿದೆ. ಅದಕ್ಕೆ ಮೀರಿದ ಪದಗಳು ಇವೆಯೆಂಬುದನ್ನು ಮಾತ್ರ ಇನ್ನೂ ಕಂಡುಕೊಂಡಿಲ್ಲ. ನಮ್ಮ ‘ಮಗುಗಳು’ ಇದೇ ಜಾತಿಯದು.

ಕನ್ನಡದ ಮಗುವಿನ ಮುಂದಿರುವ ಸಮಸ್ಯೆ ಬೇರೆ ತೆರನಾದುದು. ಹಣ್ಣು ಹಣ್ಣುಗಳಾಗುತ್ತದೆ, ಹುಡುಗ ಹುಡುಗರಾಗುತ್ತಾನೆ, ಅಣ್ಣನಿಗೆ ‘ಅಂದಿರು’ ಬೇಕು, ಮಗು ಮಾತ್ರ ಯಾರ ಮಾತನ್ನೂ ಕೇಳದೆ ಮಕ್ಕಳಾಗುತ್ತದೆ. ಎಂದರೆ, ಬಹುವಚನಕ್ಕೆ ಮುನ್ನ ಮನುಷ್ಯರು ಯಾರು, ಉಳಿದವು ಯಾವುವು ಎಂಬ ವಿಂಗಡಣೆ ತಿಳಿದಿರಬೇಕು. ಇದರ ಮೇಲೆ ಸಂಖ್ಯೆಯ ಮಾತು: ‘ಹತ್ತು ಮರ’, ‘ಎರಡು ಹಣ್ಣು’ ಎಂಬುವು ಶುದ್ಧ ಕನ್ನಡವೇ, ಆದರೆ ‘ಇಬ್ಬರು ಹುಡುಗ’ ಎನ್ನುವಂತಿಲ್ಲ. ಈ ಭಾಷೆಯಲ್ಲಿ ಬೆಳೆದ ಮಗು ಇಂಗ್ಲಿಷ್ ಶಿಶುವಿಹಾರದಲ್ಲಿ ‘ಟೂ ಬುಕ್’ ಎಂದರೆ ಅದನ್ನು ದಡ್ಡತನವೆಂದು ಎಣಿಸುವುದು ಅನ್ಯಾಯ. ಅದು ‘ಎರಡು ಪುಸ್ತಕ’ ಎಂಬ ತನ್ನ ಮನೆಯ ವ್ಯಾಕರಣವನ್ನೇ ಅಲ್ಲಿ ಪಾಲಿಸುತ್ತಿರಬಹುದು.

ಹಾಗಾದರೆ ಕಲಿಸುವುದು ಹೇಗೆ? ಏಕವಚನ, ಬಹುವಚನ ಎಂಬ ಲಕ್ಷಣಗಳನ್ನು ನಾಲ್ಕು ವರ್ಷದ ಮಗುವಿನ ಬಾಯಲ್ಲಿ ಉರುಹೊಡೆಯಿಸುವುದು ವ್ಯರ್ಥ ಶ್ರಮವೆಂದೇ ನನ್ನ ಅಭಿಪ್ರಾಯ. ಹಾರ್ವರ್ಡಿನ ರೋಜರ್ ಬ್ರೌನ್ ಮತ್ತು ಕ್ಯಾಮಿಲ್ ಹ್ಯಾನ್ಲನ್ 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಯಿತಂದೆಗಳು ಸರಿ ತಪ್ಪು ಎನ್ನುತ್ತಿದ್ದುದು ಮಗುವಿನ ಮಾತು ನಿಜವೋ ಅಲ್ಲವೋ ಎಂಬುದನ್ನು ನೋಡಿಯೇ ಹೊರತು ವ್ಯಾಕರಣವನ್ನು ನೋಡಿ ಅಲ್ಲವೆಂದು ಕಂಡುಬಂದಿತು. ಆದರೂ ಮಕ್ಕಳು ವ್ಯಾಕರಣವನ್ನು ಕಲಿಯುತ್ತಾರೆ. ಆದುದರಿಂದ ಕಲಿಸುವವರು ಮಾಡಬೇಕಾದುದು ಇಷ್ಟೆ: ಒಂದು ಲೋಟವನ್ನಿಟ್ಟು ಮಾತನಾಡಿ, ಬಳಿಕ ನಾಲ್ಕನ್ನಿಟ್ಟು ಮಾತನಾಡಿ. ಮಗು “ಮಗುಗಳು ಬಂದವು” ಎಂದರೆ, “ಹೌದು, ಮಕ್ಕಳು ಬಂದರು, ಎಷ್ಟು ಜನ ಮಕ್ಕಳು?” ಎಂದು ಮಾತನ್ನು ಮುಂದುವರಿಸಿ. ಸರಿಯಾದ ರೂಪ ಮಗುವಿನ ಕಿವಿಗೆ ಬಿತ್ತು, ಮಾತೂ ಮುರಿಯಲಿಲ್ಲ.

ಮನೆಯಲ್ಲಿ ಪುಟ್ಟ ತಮ್ಮತಂಗಿಯರಿರುವ ವಿದ್ಯಾರ್ಥಿಗಳು ಬರ್ಕೊ ಅವರ ಪರೀಕ್ಷೆಯನ್ನು ಕನ್ನಡದಲ್ಲಿ ತಾವೇ ಮಾಡಿನೋಡಬಹುದು. ಒಂದು ವಿಚಿತ್ರ ಪ್ರಾಣಿಯನ್ನು ಬರೆದು ‘ಗಿಟುಮ’ ಎಂದು ಹೆಸರಿಡಿ. ಒಬ್ಬ ವಿಚಿತ್ರ ಮನುಷ್ಯನನ್ನು ಬರೆದು ‘ಟಿಬಕ’ ಎನ್ನಿ. ‘ಇಲ್ಲಿ ಎರಡು—’ ಎಂದು ಮಾತ್ರ ಕೇಳಬೇಡಿ. ‘ಎರಡು ಗಿಟುಮ’ ಎಂಬ ಉತ್ತರದಲ್ಲಿ ತಪ್ಪು ಹುಡುಕಲಾಗದು. ಹಲವನ್ನು ಬರೆದು ತೋರಿಸಿ, “ಈ — ಓಡುತ್ತಿವೆ”, “ಈ — ಓಡುತ್ತಿದ್ದಾರೆ” ಎಂದು ನಡುವೆ ತೆರಪು ಬಿಟ್ಟು ಕೇಳಿ. ಮೊದಲನೆಯದಕ್ಕೆ ‘ಗಿಟುಮಗಳು’, ಎರಡನೆಯದಕ್ಕೆ ‘ಟಿಬಕರು’ ಎಂಬ ಉತ್ತರ ಬಂದರೆ, ಯಾರೂ ಹೇಳಿಕೊಡದ ಆ ವಿಂಗಡಣೆಯನ್ನು ಮಗು ಆಗಲೇ ಮಾಡಿಕೊಂಡಿದೆಯೆಂದು ತಿಳಿಯಬಹುದು.