ಎರಡು ಕಣ್ಣು, ಒಂದೇ ನೋಟ

ಸಂಪಿಗೆ ರಸ್ತೆಯ ನನ್ನ ಕ್ಲಿನಿಕ್ಕಿಗೆ ತಾಯಿಯೊಬ್ಬರು ಆರು ವರ್ಷದ ಮಗನನ್ನು ಜ್ವರಕ್ಕೆಂದು ಕರೆತಂದಿದ್ದರು. ಔಷಧಿ ಬರೆದುಕೊಟ್ಟ ಮೇಲೆ, "ಇವನು ಲೋಟಕ್ಕೆ ನೀರು ಬಗ್ಗಿಸಿದರೆ ಹೊರಗೇ ಚೆಲ್ಲುತ್ತಾನೆ ಡಾಕ್ಟ್ರೇ, ಎಷ್ಟು ಬೈದರೂ ಅಷ್ಟೇ" ಎಂದರು. ಹುಡುಗನ ಬಲಗಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಿಸಿದೆ. ದಪ್ಪ ಅಂಕಿಗಳೂ ಕಾಣಲಿಲ್ಲ! ತಾಯಿಗೆ ಗಾಬರಿ. ನೋಡಲು ಎರಡೂ ಕಣ್ಣು ಚೆನ್ನಾಗಿಯೇ ಇದ್ದವು.

ಮೂಗಿನ ಮುಂದೆ ಗೇಣು ದೂರದಲ್ಲಿ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಅತ್ತಿತ್ತ ಜಿಗಿದಂತೆ ಕಾಣುತ್ತದೆ. ಕಣ್ಣುಗಳ ನಡುವೆ ಸುಮಾರು 6 ಸೆಂ.ಮೀ. ಅಂತರವಿರುವುದರಿಂದ ಎರಡಕ್ಕೂ ಕಾಣುವ ಚಿತ್ರ ತುಸು ಬೇರೆ. ಎರಡು ಕಣ್ಣಿನ ಸಂದೇಶಗಳು ಬೇರೆಬೇರೆ ನರತಂತುಗಳಲ್ಲೇ ಸಾಗಿ, ತಲೆಯ ಹಿಂಬದಿಯಲ್ಲಿರುವ ಮಿದುಳಿನ ದೃಷ್ಟಿ ಕೇಂದ್ರದಲ್ಲಿ ಕೂಡುತ್ತವೆ. ಅಲ್ಲಿನ ಅನೇಕ ಜೀವಕೋಶಗಳು ಎರಡೂ ಕಣ್ಣಿಗೆ ಸ್ಪಂದಿಸುತ್ತವೆ. ಚಿತ್ರಗಳ ನಡುವಿನ ಸಣ್ಣ ವ್ಯತ್ಯಾಸದಿಂದಲೇ ಮಿದುಳು ದೂರ, ಆಳ ಅಳೆಯುತ್ತದೆ. ಸೂಜಿಗೆ ದಾರ ಪೋಣಿಸುವುದು, ಲೋಟಕ್ಕೆ ನೀರು ಬಗ್ಗಿಸುವುದು ಸಲೀಸಾಗುವುದು ಇದರಿಂದ.

ಸೋಮಾರಿ ಕಣ್ಣು

ಈ ಜೋಡಣೆ ಎಳವೆಯಲ್ಲಿ ಎರಡೂ ಕಣ್ಣಿನ ಬಳಕೆಯಿಂದ ಗಟ್ಟಿಯಾಗಬೇಕು. ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಕೆಲವು ವಾರ ಮುಚ್ಚಿಟ್ಟರು. ಆಮೇಲೆ ತೆರೆದರೂ ದೃಷ್ಟಿ ಕೇಂದ್ರದ ಬಹುಪಾಲು ಜೀವಕೋಶಗಳು ಆ ಕಣ್ಣಿಗೆ ಸ್ಪಂದಿಸಲಿಲ್ಲ. ದೃಷ್ಟಿಯ ಕುರಿತ ಸಂಶೋಧನೆಗಾಗಿ 1981ರಲ್ಲಿ ಅವರಿಗೆ ನೊಬೆಲ್ ಬಂತು.

ಮಕ್ಕಳಲ್ಲೂ ಹೀಗೆಯೇ. ಮೆಳ್ಳೆಗಣ್ಣು, ಒಂದೇ ಕಣ್ಣಿಗೆ ಹೆಚ್ಚು ಪವರ್ ಅಥವಾ ಹುಟ್ಟಿನಿಂದ ಬಂದ ಪೊರೆ ಇದ್ದರೆ ಮಿದುಳು ಆ ಕಣ್ಣಿನ ಸಂದೇಶವನ್ನು ಬದಿಗೊತ್ತುತ್ತದೆ. ಇದೇ ಸೋಮಾರಿ ಕಣ್ಣು. ಸೋಮಾರಿತನ ಮಗುವಿನದಲ್ಲ! ಮೆಳ್ಳೆಗಣ್ಣು ಅದೃಷ್ಟ ಎಂದು ಸುಮ್ಮನಿರುವುದೂ ತಪ್ಪು.

ಚಿಕಿತ್ಸೆ ಏನು?

ಪೊರೆಯಿದ್ದರೆ ಶಸ್ತ್ರಚಿಕಿತ್ಸೆ, ಪವರ್ ಇದ್ದರೆ ಸರಿಯಾದ ಕನ್ನಡಕ ಮೊದಲು. ಬಳಿಕ ಅಗತ್ಯವಿದ್ದರೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಹಾಕಿ ದುರ್ಬಲ ಕಣ್ಣಿಗೆ ಕೆಲಸ ಕೊಡುತ್ತಾರೆ. ಕೆಲವರಿಗೆ ಅಟ್ರೋಪಿನ್ ಹನಿ ಸಾಕು. ಎಷ್ಟು ಹೊತ್ತು, ಎಷ್ಟು ತಿಂಗಳು ಎಂಬುದನ್ನು ಕಣ್ಣಿನ ತಜ್ಞರೇ ಹೇಳಬೇಕು. ನೀವಾಗಿಯೇ ಪಟ್ಟಿ ಕಟ್ಟಬೇಡಿ. ಏಳು ವರ್ಷದೊಳಗೆ ಫಲ ಹೆಚ್ಚು. ದೊಡ್ಡ ಮಕ್ಕಳಲ್ಲೂ ಸುಧಾರಣೆ ಸಾಧ್ಯ, ಆದರೆ ತಡವಾದಷ್ಟೂ ಕಷ್ಟ.

ಆದ್ದರಿಂದ ಶಾಲೆಗೆ ಸೇರಿಸುವ ಮೊದಲೇ ಮಗುವಿನ ಕಣ್ಣು ಪರೀಕ್ಷೆ ಮಾಡಿಸಿ. ಚಾಮರಾಜಪೇಟೆಯ ಮಿಂಟೊದಂಥ ಸರ್ಕಾರಿ ಆಸ್ಪತ್ರೆಯಲ್ಲೂ ತೋರಿಸಬಹುದು. ಒಂದು ಕಣ್ಣು ಮುಚ್ಚಿದರೆ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದಾಗ ಮಾತ್ರ ಮಗು ನಿಮ್ಮ ಕೈ ತಳ್ಳಿ ಅತ್ತರೆ ತಡಮಾಡಬೇಡಿ. ನೀರು ಚೆಲ್ಲಿದ್ದಕ್ಕೆ ಬೈಯುವ ಮುನ್ನ ಕಣ್ಣು ನೋಡಿ.