ಬ್ರಷ್ ಮೇಲೆ ರಕ್ತ ಕಂಡರೆ ಏನರ್ಥ?

ಇಂಟರ್ನಲ್ಸ್ ವಾರ ಬಂತು ಅಂದ್ರೆ ನಾವು ಮೊದಲು ಬಿಡೋದು ನಿದ್ದೆ, ಆಮೇಲೆ ರಾತ್ರಿ ಹಲ್ಲುಜ್ಜೋದು. ಬೆಳಿಗ್ಗೆ ಬ್ರಷ್ ಮೇಲೆ ಸ್ವಲ್ಪ ರಕ್ತ ಕಂಡರೆ "ಜೋರಾಗಿ ಉಜ್ಜಿರಬೇಕು" ಅಂದುಕೊಂಡು ಬಾಯಿ ಮುಕ್ಕಳಿಸಿ ಕ್ಲಾಸಿಗೆ ಓಡ್ತೇವೆ. ಆ ರಕ್ತ ಹೆಚ್ಚಿನ ಸಲ ವಸಡಿನ ಉರಿಯೂತದ ಮೊದಲ ಗುರುತು.

ಬಾಯೊಳಗಿನ ಬಯೋಫಿಲ್ಮ್

ಮನುಷ್ಯರ ಬಾಯಲ್ಲಿ ಸುಮಾರು 700 ಬಗೆಯ ಬ್ಯಾಕ್ಟೀರಿಯಾಗಳನ್ನು ಗುರುತಿಸಲಾಗಿದೆ. ಹೆಚ್ಚಿನವು ನಮಗೆ ತೊಂದರೆ ಕೊಡಲ್ಲ. ಆದರೆ ಹಲ್ಲು ಮತ್ತು ವಸಡು ಸೇರುವ ಅಂಚಿನಲ್ಲಿ ಇವು ಅಂಟಾದ ಪದರ ಕಟ್ಟುತ್ತವೆ. ಇದೇ ಪ್ಲಾಕ್. ನೀರಿನ ಟ್ಯಾಂಕಿನ ಗೋಡೆಗೆ ಲೋಳೆ ಕಟ್ಟುತ್ತಲ್ಲ, ಅದೇ ಥರ. ಬರೀ ನೀರು ಹಾಯಿಸಿದರೆ ಹೋಗಲ್ಲ, ತಿಕ್ಕಲೇಬೇಕು. ಮೌತ್‌ವಾಶ್ ಒಂದೇ ಸಾಲದು ಅನ್ನೋದು ಇದಕ್ಕೇ. ಹಾಗೇ ಬಿಟ್ಟರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಪ್ಲಾಕ್ ಗಟ್ಟಿಯಾಗುತ್ತದೆ. ಆಗ ಬ್ರಷ್‌ನಿಂದ ಆಗಲ್ಲ, ದಂತವೈದ್ಯರೇ ತೆಗೆಯಬೇಕು.

ಹಲ್ಲುಜ್ಜದ ವಿದ್ಯಾರ್ಥಿಗಳು

ಡೆನ್ಮಾರ್ಕ್‌ನ ಆರ್ಹಸ್‌ನಲ್ಲಿ ಹಾರಾಲ್ಡ್ ಲೋ ಮತ್ತು ಸಂಗಡಿಗರು ನಡೆಸಿದ ಪ್ರಯೋಗವೊಂದು 1965ರಲ್ಲಿ ಪ್ರಕಟವಾಯಿತು. ಅದರಲ್ಲಿ ಆರೋಗ್ಯವಂತ ವಸಡಿನ 12 ಜನ ಹಲ್ಲುಜ್ಜೋದನ್ನು ಪೂರ್ತಿ ನಿಲ್ಲಿಸಿದರು. ಹೆಚ್ಚಿನವರು ದಂತವೈದ್ಯಕೀಯ ವಿದ್ಯಾರ್ಥಿಗಳು. 10ರಿಂದ 21 ದಿನಗಳ ಒಳಗೆ ಎಲ್ಲರ ವಸಡಲ್ಲೂ ಉರಿಯೂತ ಬಂತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು. ಅಂದರೆ ಈ ಹಂತದಲ್ಲಿ ರಿಪೇರಿ ನಮ್ಮ ಕೈಯಲ್ಲೇ ಇದೆ.

ಮುಂದಿನ ಹಂತ ಹಾಗಲ್ಲ. ಕೆಲವರಲ್ಲಿ ಉರಿಯೂತ ಆಳಕ್ಕಿಳಿದು ಹಲ್ಲನ್ನು ಹಿಡಿದಿರುವ ಎಲುಬನ್ನೇ ಕರಗಿಸುತ್ತದೆ. ಚಿಕಿತ್ಸೆಯಿಂದ ಅದನ್ನು ತಡೆಯಬಹುದು, ಆದರೆ ಹೋದ ಎಲುಬು ತಾನಾಗಿ ವಾಪಸ್ ಬರಲ್ಲ.

ವಸಡಿನಿಂದ ದೇಹಕ್ಕೆ

ಊದಿದ ವಸಡಿನಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಬಹುದು. ಸಾಮಾನ್ಯವಾಗಿ ನಮ್ಮ ರೋಗನಿರೋಧಕ ಶಕ್ತಿ ಅದನ್ನು ಬೇಗ ಮುಗಿಸುತ್ತದೆ. ಆದರೆ ಹೃದಯದ ಕವಾಟ ಹಾಳಾಗಿರುವವರಿಗೆ, ಕೃತಕ ಕವಾಟ ಹಾಕಿಸಿಕೊಂಡವರಿಗೆ ಅಪಾಯ ಹೆಚ್ಚು. ಬ್ಯಾಕ್ಟೀರಿಯಾ ಕವಾಟಕ್ಕೆ ಅಂಟಿ ಎಂಡೋಕಾರ್ಡೈಟಿಸ್ ಎಂಬ ಗಂಭೀರ ಸೋಂಕು ಬರಬಹುದು.

ಡಯಾಬಿಟಿಸ್ ಜೊತೆಗಿನ ನಂಟು ಎರಡೂ ಕಡೆಯಿಂದ ಕೆಲಸ ಮಾಡುತ್ತದೆ, ಒಂಥರಾ ಫೀಡ್‌ಬ್ಯಾಕ್ ಲೂಪ್. ಶುಗರ್ ಹೆಚ್ಚಿದ್ದರೆ ವಸಡಿನ ರೋಗ ಬೇಗ ಬೆಳೆಯುತ್ತದೆ. ವಸಡಿನ ಉರಿಯೂತ ಹೆಚ್ಚಿದ್ದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ, ಶುಗರ್ ಹತೋಟಿಗೆ ಬರೋದು ಕಷ್ಟ. ವಸಡಿಗೆ ಚಿಕಿತ್ಸೆ ಮಾಡಿಸಿದರೆ ಶುಗರ್ ಸ್ವಲ್ಪ ಇಳಿಯುತ್ತದೆ ಅಂತ ಅಧ್ಯಯನಗಳು ತೋರಿಸಿವೆ.

ಹೃದಯಾಘಾತದ ವಿಷಯದಲ್ಲಿ ಮಾತ್ರ ಹುಷಾರಾಗಿ ಮಾತಾಡಬೇಕು. ವಸಡಿನ ರೋಗ ಇರುವವರಲ್ಲಿ ಹೃದ್ರೋಗ ಹೆಚ್ಚು ಕಾಣಿಸುತ್ತದೆ, ನಿಜ. ಆದರೆ ಸಿಗರೇಟು, ಡಯಾಬಿಟಿಸ್ ಎರಡಕ್ಕೂ ಕಾರಣವಾಗುತ್ತವೆ. ಕೋರಿಲೇಶನ್ ಇದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಂತಲ್ಲ. ಇದನ್ನ ನಾವು ಮ್ಯಾಥ್ಸ್ ಕ್ಲಾಸಲ್ಲೇ ಓದಿದ್ದೇವಲ್ಲ!

ನಾವು ಮಾಡಬೇಕಾದ್ದು

- ದಿನಕ್ಕೆ ಎರಡು ಸಲ, ಎರಡು ನಿಮಿಷ, ಮೆತ್ತನೆಯ ಬ್ರಷ್‌ನಿಂದ ವಸಡಿನ ಅಂಚನ್ನೂ ಸೇರಿಸಿ ಉಜ್ಜೋಣ. ಹಲ್ಲಿನ ಸಂದಿಗೆ ಫ್ಲಾಸ್ ಬಳಸೋಣ.
- ರಕ್ತ ಬಂತು ಅಂತ ಉಜ್ಜೋದು ನಿಲ್ಲಿಸಬಾರದು. ಎರಡು ವಾರವಾದರೂ ನಿಲ್ಲದಿದ್ದರೆ ದಂತವೈದ್ಯರಿಗೆ ತೋರಿಸೋಣ.
- ಸಿಗರೇಟು ಸೇದುವವರಿಗೆ ರೋಗ ಇದ್ದರೂ ರಕ್ತ ಕಡಿಮೆ ಬರುತ್ತದೆ. ರಕ್ತ ಇಲ್ಲ ಅಂದ್ರೆ ವಸಡು ಚೆನ್ನಾಗಿದೆ ಅಂತ ಅವರು ತಿಳಿಯಬಾರದು.
- ಮನೆಯಲ್ಲಿ ಅಪ್ಪನಿಗೋ ಅಜ್ಜಿಗೋ ಶುಗರ್ ಇದ್ದರೆ, ಮುಂದಿನ ಸಲ ಊರಿಗೆ ಹೋದಾಗ ಅವರನ್ನೂ ಒಮ್ಮೆ ದಂತವೈದ್ಯರ ಹತ್ತಿರ ಕರೆದುಕೊಂಡು ಹೋಗೋಣ. ಶುಗರ್ ಮಾತ್ರೆ ತಪ್ಪದೆ ತಗೊಳ್ಳೋ ಎಷ್ಟೋ ಜನ ವಸಡನ್ನ ತೋರಿಸಿರೋದೇ ಇಲ್ಲ.